ಒಂದು ಓಣಿ, ಒಂದು ಜೀವಿ: ಕಡಿಮೆ ದುಡ್ಡಿನ ಸೈನ್ಸ್ ಫಿಕ್ಷನ್ ಹಾರರ್ ಚಿತ್ರಕ್ಕೆ ಸೆಟ್ಟು, ಲೋಳೆ, ಬೆಳಕು, ಸದ್ದು ಮಾಡಿಕೊಂಡ ಬಗೆ

ಕಥೆ ಬರೆಯುವ ಮೊದಲೇ ಸೆಟ್ಟಿನ ಅಳತೆ ನಿಗದಿ ಮಾಡಿಕೊಂಡೆವು: 16 ಅಡಿ ಉದ್ದ, 6 ಅಡಿ ಅಗಲ, 8 ಅಡಿ ಎತ್ತರದ ಒಂದೇ ಓಣಿ. ಇಡೀ ಬಾಹ್ಯಾಕಾಶ ನಿಲ್ದಾಣ ಅಷ್ಟರಲ್ಲೇ ಮುಗಿಯಬೇಕು. ಸ್ಕ್ರಿಪ್ಟ್‌ನಲ್ಲಿ ಆ ಓಣಿಗೆ ಹೊಂದದ ದೃಶ್ಯ ಬಂದರೆ ದೃಶ್ಯ ಹೋಗಬೇಕೇ ಹೊರತು ಸೆಟ್ಟು ಬೆಳೆಯಬಾರದು. ಈ ಜಾತಿಯ ಸಿನಿಮಾ ಕೈಗೆ ಬರುವುದು ಹೀಗೇ ಎಂದು ನನ್ನ ನಂಬಿಕೆ. ಕೆನಡಾದಲ್ಲಿ ವಿಂಚೆಂಜೊ ನಟಾಲಿ ನಿರ್ದೇಶಿಸಿದ 'ಕ್ಯೂಬ್' (1997) ನೋಡಿ. ಪಾತ್ರಗಳು ಕೋಣೆಯಿಂದ ಕೋಣೆಗೆ ದಾಟುತ್ತಲೇ ಇರುತ್ತವೆ; ಪೂರ್ತಿಯಾಗಿ ಕಟ್ಟಿದ್ದು ಮಾತ್ರ 14 ಅಡಿಯ ಒಂದೇ ಘನ. ನಟರ ಭಾರ ತಡೆಯುವಂಥ ಬಾಗಿಲು ಒಂದೇ. ಗೋಡೆಯ ಬಣ್ಣದ ಫಲಕ ಬದಲಿಸಿದರೆ ಬೇರೆ ಕೋಣೆ. ಫಲಕ ಬದಲಿಸಲು ಹೊತ್ತು ಹಿಡಿಯುತ್ತಿದ್ದ ಕಾರಣ ಒಂದು ಬಣ್ಣದ ದೃಶ್ಯಗಳನ್ನೆಲ್ಲ ಒಟ್ಟಿಗೆ ಚಿತ್ರೀಕರಿಸಿದರು. ನಾವೂ ಶೂಟಿಂಗ್ ಪಟ್ಟಿಯನ್ನು ಕಥೆಯ ಕ್ರಮದಲ್ಲಿ ಮಾಡದೆ ಬಣ್ಣದ ಕ್ರಮದಲ್ಲಿ ಮಾಡಿದೆವು: ಮೊದಲು ಬಿಳಿ ಬೆಳಕಿನವು, ಆಮೇಲೆ ಅಂಬರ್, ಕೊನೆಗೆ ಕೆಂಪು. ಲೋಳೆ ಬೀಳುವ ದೃಶ್ಯಗಳೆಲ್ಲ ಕೆಂಪಿನಲ್ಲೇ ಇದ್ದವು. ಒಮ್ಮೆ ಲೋಳೆ ಬಿದ್ದ ನೆಲ ಮತ್ತೆ ಮೊದಲಿನಂತೆ ಆಗುವುದಿಲ್ಲ.

ಗೋಡೆಗೆ 8×4 ಅಡಿಯ ಚೌಕಟ್ಟುಗಳು, ಒಂದು ಬದಿಗೆ ನಾಲ್ಕು. ಮರದ ರೀಪರ್, ಅದರ ಮೇಲೆ 4 ಮಿ.ಮೀ. ಪ್ಲೈವುಡ್, ಮೇಲ್ಮೈಗೆ ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ತುಂಡುಗಳು, ಪಿವಿಸಿ ಪೈಪು, ಟಿವಿ-ಫ್ರಿಜ್ ಪ್ಯಾಕಿಂಗ್‌ನ ಥರ್ಮಾಕೋಲ್. ಆ ಪ್ಯಾಕಿಂಗ್‌ನ ಉಬ್ಬುತಗ್ಗುಗಳು ಯಂತ್ರದ ಭಾಗಗಳಂತೆ ಚೆನ್ನಾಗಿ ಕಾಣುತ್ತವೆ. ಆದರೆ ಸ್ಪ್ರೇ ಪೇಂಟ್ ನೇರವಾಗಿ ಹೊಡೆದರೆ ಅದರಲ್ಲಿರುವ ದ್ರಾವಕ ಥರ್ಮಾಕೋಲನ್ನು ಕರಗಿಸಿ ತೂತು ಮಾಡುತ್ತದೆ. ಫೆವಿಕಾಲ್ ಮತ್ತು ನೀರು ಸಮಸಮ ಬೆರೆಸಿ ಎರಡು ಕೋಟ್ ಬಳಿದು, ಒಣಗಿದ ಮೇಲೆ ನೀರಿನಲ್ಲಿ ಕರಗುವ ಪೇಂಟ್ ಹಚ್ಚಬೇಕು. ಬಣ್ಣ ಪೂರ್ತಿ ಮ್ಯಾಟ್ ಇರಲಿ. ಅದರ ಮೇಲೆ ಅಲ್ಲಲ್ಲಿ ಗ್ರಾಫೈಟ್ ಪುಡಿ ಉಜ್ಜಿದರೆ ಅಂಚುಗಳು ಕಬ್ಬಿಣದಂತೆ ಮಿನುಗುತ್ತವೆ. ಥರ್ಮಾಕೋಲ್ ಬೇಗ ಹೊತ್ತಿಕೊಳ್ಳುವ ವಸ್ತು. ಹಾಗಾಗಿ ಸೆಟ್ಟಿನೊಳಗೆ ಹ್ಯಾಲೊಜನ್ ದೀಪ ಬೇಡವೇ ಬೇಡ, ಎರಡೂ ತುದಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲೇಬೇಕು. ಒಂದು ಬದಿಯ ಚೌಕಟ್ಟುಗಳಿಗೆ ಚಕ್ರ ಹಾಕಿದ್ದೆವು. ಕ್ಯಾಮೆರಾ ಹಿಂದೆ ಸರಿಯಲು ಜಾಗ ಬೇಕಾದಾಗ ಗೋಡೆಯನ್ನೇ ಎಳೆದುಬಿಡಬಹುದು.

ಓಣಿಯ ದೀಪಗಳಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುವ 12 ವೋಲ್ಟ್ ಎಲ್‌ಇಡಿ ಪಟ್ಟಿಗಳೇ ಸಾಕು. ಮೀಟರಿಗೆ 60 ಎಲ್‌ಇಡಿ ಇರುವ 5050 (ಎಲ್‌ಇಡಿಯ ಅಳತೆ ಹೇಳುವ ಸಂಖ್ಯೆ) ಪಟ್ಟಿ ಮೀಟರಿಗೆ ಸುಮಾರು 14.4 ವ್ಯಾಟ್ ಎಳೆಯುತ್ತದೆ. 5 ಮೀಟರಿಗೆ 72 ವ್ಯಾಟ್, ಅಂದರೆ 6 ಆಂಪಿಯರ್. ಅದಕ್ಕೆ 10 ಆಂಪಿಯರ್‌ನ ಸಪ್ಲೈ ಕೊಡಿ, ಬಿಸಿಯಾಗದೆ ನಡೆಯುತ್ತದೆ. ಒಂದೇ ತುದಿಯಿಂದ ಕರೆಂಟು ಕೊಟ್ಟರೆ ಇನ್ನೊಂದು ತುದಿ ಮಂಕಾಗುತ್ತದೆ. ಎರಡೂ ತುದಿಗೆ ತಂತಿ ಎಳೆಯಬೇಕು.

ನಿಜವಾದ ತೊಂದರೆ ಬರುವುದು ಬೆಳಕು ತಗ್ಗಿಸಲು ಹೋದಾಗ. ಅಗ್ಗದ ಡಿಮ್ಮರ್ ಎಲ್‌ಇಡಿಯನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸಿ ಮಂಕು ಮಾಡುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ; ಕ್ಯಾಮೆರಾದ ಸೆನ್ಸರ್ ಸಾಲುಸಾಲಾಗಿ ಓದುವುದರಿಂದ ಚಿತ್ರದಲ್ಲಿ ಅಡ್ಡ ಪಟ್ಟೆಗಳು ಓಡುತ್ತವೆ, ಎಡಿಟಿಂಗ್‌ನಲ್ಲಿ ಅವನ್ನು ಅಳಿಸುವುದು ದೊಡ್ಡ ತಲೆನೋವು. ಇದಕ್ಕೆ ಎರಡು ದಾರಿ. ಪಟ್ಟಿಯನ್ನು ಪೂರ್ತಿ ಉರಿಸಿ ಮೇಲೆ ಬಟರ್ ಪೇಪರ್ ಪದರ ಹೆಚ್ಚಿಸುವುದು ಒಂದು. ಬಕ್ ಕನ್ವರ್ಟರ್ ಹಾಕಿ ವೋಲ್ಟೇಜನ್ನೇ 12ರಿಂದ 9ರ ಕಡೆಗೆ ಇಳಿಸುವುದು ಇನ್ನೊಂದು. 9 ವೋಲ್ಟ್‌ಗಿಂತ ಕೆಳಗೆ ಬಿಳಿ ಪಟ್ಟಿ ಥಟ್ಟನೆ ಆರಿದಂತಾಗುತ್ತದೆ, ಯಾಕೆಂದರೆ ಒಳಗೆ ಮೂರು ಎಲ್‌ಇಡಿಗಳು ಸರಣಿಯಲ್ಲಿವೆ, ಒಂದೊಂದಕ್ಕೂ ಸುಮಾರು 3 ವೋಲ್ಟ್ ಬೇಕು. ನಮ್ಮಲ್ಲಿ ಮನೆ ಕರೆಂಟು 50 ಹರ್ಟ್ಜ್. ಬೇರೆ ಯಾವುದೇ ದೀಪ ಅದರಿಂದ ಉರಿಯುತ್ತಿದ್ದರೆ ಶಟರ್ 1/50ರಲ್ಲಿ ಇರಲಿ. ಶಟರನ್ನು ಕೋನದಲ್ಲಿ ಅಳೆಯುವ ಕ್ಯಾಮೆರಾದಲ್ಲಿ, ಸೆಕೆಂಡಿಗೆ 24 ಫ್ರೇಮಿಗೆ ಅದು 172.8 ಡಿಗ್ರಿ. ಅಗ್ಗದ ಪಟ್ಟಿಯ ಬೆಳಕು ಚರ್ಮವನ್ನು ಹಸಿರಾಗಿಸುತ್ತದೆ. ಆದ್ದರಿಂದ ಪಟ್ಟಿಗಳು ಚಿತ್ರದೊಳಗೆ ಕಾಣುವುದಕ್ಕೆ ಮಾತ್ರ. ಮುಖಕ್ಕೆ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಳತೆ, 100ಕ್ಕೆ) 95ರ ಒಂದು ಪ್ಯಾನೆಲ್ ಬಾಡಿಗೆಗೆ ತಂದೆವು. ದುಡ್ಡು ಅಲ್ಲಿ ಹಾಕಿದ್ದು ಸಾರ್ಥಕ.

ಹೊಗೆಯೂ ಬೇಕು, ತೆಳುವಾಗಿ. ನೀರು-ಗ್ಲೈಕಾಲ್ ದ್ರವದ ಯಂತ್ರವನ್ನು ಹತ್ತು ಸೆಕೆಂಡ್ ಬಿಟ್ಟು, ಫ್ಯಾನ್ ತಿರುಗಿಸಿ, ಎರಡು ನಿಮಿಷ ಕಾದು ಶಾಟ್ ತೆಗೆಯಬೇಕು. ಕಾಯದಿದ್ದರೆ ಹೊಗೆಯ ಮುದ್ದೆಗಳು ತೇಲುವುದು ಕಂಡು ಕಟ್ ಕೂಡುವುದಿಲ್ಲ. 'ಏಲಿಯನ್' (1979) ಚಿತ್ರದ ಮೊಟ್ಟೆಗಳ ಗುಹೆಯಲ್ಲಿ ಕಾಣುವ ನೀಲಿ ಪದರ, ಹೊಗೆಯ ಮೇಲೆ ಹಾಯಿಸಿದ ಲೇಸರ್ ಬೆಳಕು. ಪಕ್ಕದ ಸ್ಟುಡಿಯೋದಲ್ಲಿದ್ದ 'ದಿ ಹೂ' ರಾಕ್ ತಂಡದಿಂದ ತಂದ ಉಪಕರಣ. ಅದನ್ನು ಅನುಕರಿಸುವವರು ಲೇಸರ್ ನೇರವಾಗಿ ಲೆನ್ಸಿಗೆ ಬೀಳದಂತೆ ನೋಡಿಕೊಳ್ಳಿ. ಒಂದು ಕ್ಷಣ ತಾಗಿದರೂ ಸೆನ್ಸರ್ ಸುಟ್ಟು ಶಾಶ್ವತ ಗೆರೆ ಉಳಿಯಬಹುದು, ನಟರ ಕಣ್ಣಿನ ಮಾತು ಬೇರೆ ಹೇಳಬೇಕಿಲ್ಲ.

ಇನ್ನು ಜೀವಿ. ಚರ್ಮ ಲೇಟೆಕ್ಸ್‌ನದು. ಸುಳ್ಯ, ಪುತ್ತೂರಿನ ಕಡೆಯ ರಬ್ಬರ್ ತೋಟದ ಹಾಲು ಹಾಗೇ ತಂದರೆ ಆಗುವುದಿಲ್ಲ. ಅದರಲ್ಲಿ ಮೂರನೇ ಒಂದು ಭಾಗದಷ್ಟೇ ರಬ್ಬರ್, ಬೇಗ ಗಡ್ಡೆ ಕಟ್ಟುತ್ತದೆ, ಒಣಗಿದ ಮೇಲೂ ಅಂಟಂಟು. ಅಮೋನಿಯಾ ಬೆರೆಸಿ 60 ಶೇಕಡಕ್ಕೆ ಸಾಂದ್ರಗೊಳಿಸಿ ಮೊದಲೇ ವಲ್ಕನೈಸ್ ಮಾಡಿದ (ಗಂಧಕ ಸೇರಿಸಿ ರಬ್ಬರನ್ನು ಗಟ್ಟಿಮುಟ್ಟಾಗಿಸಿದ) ಲೇಟೆಕ್ಸ್ ಕೇಳಿ ತರಬೇಕು. ಜೇಡಿಯಲ್ಲಿ ಜೀವಿಯ ಬೆನ್ನನ್ನು ತಿದ್ದಿ, ಅದರ ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಚ್ಚು ತೆಗೆದೆವು. 100 ಭಾಗ ಪಿಒಪಿಗೆ 70 ಭಾಗ ನೀರು. ಅಚ್ಚು ನೀರು ಹೀರುವುದರಿಂದಲೇ ಲೇಟೆಕ್ಸ್ ಗೋಡೆಗೆ ಹಿಡಿದು ಪದರವಾಗುತ್ತದೆ, ಹಾಗಾಗಿ ಒಳಗೆ ಎಣ್ಣೆ, ವ್ಯಾಸಲೀನ್ ಸವರಬಾರದು. ಎಣ್ಣೆ ತಾಗಿದ ಲೇಟೆಕ್ಸ್ ಉಬ್ಬಿ ಕೊಳೆಯುತ್ತದೆ ಕೂಡ; ಹೊಳಪಿಗೆಂದು ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಇಲ್ಲಿ ನಡೆಯದು. ನಾಲ್ಕು ಪದರ, ಮೂರನೆಯದರ ಜೊತೆ ತೆಳು ಹತ್ತಿ ಬಟ್ಟೆ. ಬಿಡಿಸುವಾಗ ಟಾಲ್ಕಂ ಪೌಡರ್ ಉದುರಿಸುತ್ತಲೇ ಬಿಡಿಸಬೇಕು, ಇಲ್ಲದಿದ್ದರೆ ಒಳಮೈ ಒಳಮೈಗೆ ಅಂಟಿ ಮತ್ತೆ ಬರುವುದಿಲ್ಲ. ಅಕ್ರಿಲಿಕ್ ಬಣ್ಣ ಚರ್ಮ ಎಳೆದಾಗ ಬಿರಿಯುತ್ತದೆ. ಬಣ್ಣವನ್ನು ಲೇಟೆಕ್ಸ್‌ನಲ್ಲೇ ಬೆರೆಸಿ ಹಚ್ಚಿ. ಹಸಿಯಿದ್ದಾಗ ತಿಳಿಯಾಗಿ ಕಂಡದ್ದು ಒಣಗಿದಾಗ ಕಡುವಾಗುತ್ತದೆ. ಬ್ರಷ್ಷನ್ನು ಮೊದಲೇ ಸೋಪು ನೀರಿನಲ್ಲಿ ಅದ್ದಿಟ್ಟರೆ ಆಮೇಲೂ ಬಳಸಬಹುದು. ಅಮೋನಿಯಾ ಘಾಟಿಗೆ ಕಿಟಕಿ ತೆರೆದಿರಲಿ. ಲೇಟೆಕ್ಸ್ ಅಲರ್ಜಿ ಇದೆಯೇ ಎಂದು ನಟರನ್ನು ಮುಂಚಿತವಾಗಿ ಕೇಳುವುದು ಕಡ್ಡಾಯ.

ಚರ್ಮದ ಕೆಳಗೆ ಉಸಿರಾಟ. ಮೂರು ಬಲೂನು, ಒಂದೊಂದಕ್ಕೂ ಅಕ್ವೇರಿಯಂ ಟ್ಯೂಬು, ಟ್ಯೂಬಿನ ತುದಿಗೆ 60 ಮಿ.ಲೀ. ಸಿರಿಂಜು. ಗಾಳಿಯಿಂದ ನಡೆಸಿದರೆ ಗಾಳಿ ಮೊದಲು ಒತ್ತಡಕ್ಕೆ ಕುಗ್ಗಿ ಆಮೇಲೆ ಒಮ್ಮೆಲೇ ತಳ್ಳುತ್ತದೆ, ಚಲನೆ ಜರ್ಕ್ ಹೊಡೆಯುತ್ತದೆ. ನೀರು ತುಂಬಿ, ಗುಳ್ಳೆಗಳನ್ನೆಲ್ಲ ಹೊರಹಾಕಿದರೆ ಸಿರಿಂಜು ಒತ್ತುವ ಬೆರಳು ಎಷ್ಟು ಸರಿಯುತ್ತದೋ ಚರ್ಮ ಅಷ್ಟೇ ಏಳುತ್ತದೆ. ಮೂವರು ಮೂರು ಸಿರಿಂಜು ಹಿಡಿದು ಒಬ್ಬರಾದ ಮೇಲೊಬ್ಬರು ಒತ್ತಬೇಕು. ಒಟ್ಟಿಗೆ ಒತ್ತಿದರೆ ಬಲೂನು ಎಂದು ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಎರಡು ಸೆಕೆಂಡ್ ಏರಿಕೆ, ಒಂದು ಸೆಕೆಂಡ್ ತಡೆ, ನಾಲ್ಕು ಸೆಕೆಂಡ್ ಇಳಿಕೆ: ಮನುಷ್ಯರ ಉಸಿರಿಗಿಂತ ಬಹಳ ನಿಧಾನ. ನೋಡುವವರಿಗೆ ಮೈ ಜುಮ್ಮೆನ್ನುವುದು ಆ ತಡೆಯಲ್ಲಿ.

ಲೋಳೆಯ ವಿಷಯಕ್ಕೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಅರ್ಧ ಹೆದರಿಕೆ ಇರುವುದು ಅದರಲ್ಲೇ. ಮೂಲ ವಸ್ತು ಮೀಥೈಲ್ ಸೆಲ್ಯುಲೋಸ್ ಪುಡಿ, ಆಹಾರಕ್ಕೆ ಬಳಸುವ ದರ್ಜೆಯದು, 4000 ಸಿಪಿಎಸ್ (ದ್ರವ ಎಷ್ಟು ಮಂದವಾಗುತ್ತದೆ ಎಂಬ ಅಳತೆ). ಒಂದು ಲೀಟರಿಗೆ 20 ಗ್ರಾಂ. ತಣ್ಣೀರಿಗೆ ನೇರವಾಗಿ ಹಾಕಿದರೆ ಹೊರಪದರ ತಕ್ಷಣ ಜೆಲ್ ಆಗಿ ಒಳಗೆ ಒಣಪುಡಿ ಉಳಿದು ಗಂಟಾಗುತ್ತದೆ. ರಾಗಿ ಮುದ್ದೆಯ ಗಂಟು ಒಡೆದಂತೆ ಇದನ್ನು ಕೋಲಿನಿಂದ ಒಡೆಯಲು ಬರುವುದಿಲ್ಲ. ಈ ಪುಡಿ ಬಿಸಿನೀರಿನಲ್ಲಿ ಕರಗುವುದಿಲ್ಲ, ಬರೀ ಹರಡುತ್ತದೆ. ಆ ಗುಣವನ್ನೇ ಬಳಸಿಕೊಳ್ಳಬೇಕು. ಮೂರನೇ ಒಂದು ಭಾಗ ನೀರನ್ನು 80 ಡಿಗ್ರಿ ದಾಟಿಸಿ ಕಾಯಿಸಿ, ಪುಡಿಯನ್ನು ಜರಡಿಯಿಂದ ಉದುರಿಸಿ ಕಲಸಿ, ಕಣಗಳೆಲ್ಲ ಬೇರೆಬೇರೆಯಾದ ಮೇಲೆ ಉಳಿದ ನೀರನ್ನು ಐಸ್ ಸಮೇತ ಸುರಿಯಬೇಕು. ತಣಿಯುತ್ತಾ ದಪ್ಪವಾಗುತ್ತದೆ. ಒಂದು ರಾತ್ರಿ ಇಟ್ಟರೆ ಗುಳ್ಳೆ ಮೇಲೆದ್ದು ಹೋಗಿ ಗಾಜಿನಷ್ಟು ತಿಳಿಯಾಗುತ್ತದೆ. ಲೀಟರಿಗೆ 50 ಮಿ.ಲೀ. ಗ್ಲಿಸರಿನ್ ಸೇರಿಸಿದರೆ ದೀಪದ ಕೆಳಗೆ ಬೇಗ ಒಣಗಿ ಸಿಪ್ಪೆ ಏಳುವುದಿಲ್ಲ. 50 ಡಿಗ್ರಿ ದಾಟಿದರೆ ಮತ್ತೆ ಗಟ್ಟಿಯಾಗಿ ಬೆಳ್ಳಗಾಗುತ್ತದೆ. ಹ್ಯಾಲೊಜನ್ ಬೇಡ ಎನ್ನುವುದಕ್ಕೆ ಇದು ಇನ್ನೊಂದು ಕಾರಣ. ವಾಲ್‌ಪೇಪರ್ ಅಂಟಿನ ಪುಡಿಯಲ್ಲೂ ಇದೇ ಜಾತಿಯ ವಸ್ತು ಇರುತ್ತದೆ, ಆದರೆ ಬೂಸ್ಟು ತಡೆಯುವ ವಿಷ ಬೆರೆಸಿರಬಹುದು, ಮೈಗೆ ಹಚ್ಚಬೇಡಿ.

ಇದರ ಕೊರತೆ ಒಂದೇ: ಇದು ತೊಟ್ಟಿಕ್ಕುತ್ತದೆ, ನೂಲಾಗಿ ಎಳೆಯುವುದಿಲ್ಲ. ಜೀವಿಯ ಬಾಯಿ ತೆರೆದಾಗ ಎಳೆಎಳೆಯಾಗಿ ಹಿಗ್ಗಬೇಕಾದರೆ ಅಗಸೆಬೀಜ ಬೇಕು. ಒಂದು ಲೋಟ ಬೀಜಕ್ಕೆ ಎಂಟು ಲೋಟ ನೀರು, ಹತ್ತು ನಿಮಿಷ ಕುದಿಸಿ, ಬಿಸಿಯಿರುವಾಗಲೇ ಸೋಸಬೇಕು. ತಣ್ಣಗಾದರೆ ಬಟ್ಟೆಯಿಂದ ಇಳಿಯುವುದೇ ಇಲ್ಲ. ಬೆಂಡೆಕಾಯಿ ಹೆಚ್ಚಿ ನೆನೆಹಾಕಿದ ನೀರೂ ನೂಲು ಬಿಡುತ್ತದೆ, ಬಣ್ಣ ಸ್ವಲ್ಪ ಹಸಿರು. ಎರಡೂ ಸೆಖೆಯಲ್ಲಿ ಸಂಜೆಯೊಳಗೆ ಹುಳಿವಾಸನೆ ಬರುತ್ತವೆ, ಅಂದಂದಿಗೇ ಮಾಡಬೇಕು. ನಾವು ಮೀಥೈಲ್ ಸೆಲ್ಯುಲೋಸ್ ಮೈಗೆ, ಅಗಸೆ ಲೋಳೆ ಬಾಯಿಗೆ ಎಂದು ಹಂಚಿದ್ದೆವು. ಲೇಟೆಕ್ಸ್ ಮೇಲೆ ಪೌಡರ್ ಉಳಿದಿದ್ದರೆ ಲೋಳೆ ಹನಿಹನಿಯಾಗಿ ಒಡೆದು ಜಾರುತ್ತದೆ, ಮೊದಲು ಸೋಪಿನಿಂದ ತೊಳೆಯಿರಿ. ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿ. ಇದರ ಮೇಲೆ ಓಡುವ ದೃಶ್ಯ ಬರೆಯಲೇಬೇಡಿ.

ರಕ್ತಕ್ಕೆ ಬೇಕರಿಯವರ ಲಿಕ್ವಿಡ್ ಗ್ಲೂಕೋಸ್ ನಾಲ್ಕು ಪಾಲು, ನೀರು ಒಂದು ಪಾಲು, ಕೆಂಪು ಫುಡ್ ಕಲರ್, ಒಂದು ಚಮಚ ಕೋಕೊ ಪುಡಿ, ಒಂದೇ ಹನಿ ನೀಲಿ. ಕೋಕೊ ಇಲ್ಲದಿದ್ದರೆ ಬೆಳಕು ಆರಪಾರ ಹಾದು ಶರಬತ್ತಾಗಿ ಕಾಣುತ್ತದೆ. ಕೆಂಪು ದೀಪದಲ್ಲಿ ಕೆಂಪು ರಕ್ತ ಬಹುತೇಕ ಮಾಯವಾಗುತ್ತದೆ, ಆ ದೃಶ್ಯಗಳಿಗೆ ನೀಲಿ ಹೆಚ್ಚಿಸಿ ಕಪ್ಪಿಗೆ ತಂದೆವು. ಫುಡ್ ಕಲರ್ ಕಲೆ ಹೋಗುವುದಿಲ್ಲ. ಒಂದೇ ಉಡುಪಿನ ಮೂರು ಪ್ರತಿ ಹೊಲಿಸಿಡಿ.

ಜೀವಿಯನ್ನು ಎಷ್ಟು ತೋರಿಸಬೇಕು? ಜಾನ್ ಕಾರ್ಪೆಂಟರ್ ವಿದ್ಯಾರ್ಥಿಯಾಗಿದ್ದಾಗ ಶುರುಮಾಡಿ 1974ರಲ್ಲಿ ತೆರೆಗೆ ತಂದ 'ಡಾರ್ಕ್ ಸ್ಟಾರ್'ನಲ್ಲಿ ಅನ್ಯಗ್ರಹದ ಪ್ರಾಣಿ ಎಂದರೆ ಬಣ್ಣ ಬಳಿದ ಬೀಚ್ ಬಾಲ್, ಕೆಳಗೆ ರಬ್ಬರ್ ಪಾದ. ಅದು ಹಾಸ್ಯಚಿತ್ರ, ಅಲ್ಲಿ ನಡೆಯಿತು. ಅದರ ಸಹಲೇಖಕ ಡ್ಯಾನ್ ಓ'ಬ್ಯಾನನ್ ಮುಂದೆ 'ಏಲಿಯನ್' ಬರೆದರು, ಅದರಲ್ಲಿ ಪ್ರಾಣಿ ಪೂರ್ತಿಯಾಗಿ ಕಾಣುವುದು ಬಹಳ ಕಡಿಮೆ ಹೊತ್ತು. ನಮ್ಮ ಜೀವಿಗೆ ಇದ್ದದ್ದು ಬೆನ್ನು, ಒಂದು ಕೈ, ಒಂದು ಬಾಯಿ ಮಾತ್ರ. ಮೂರೂ ಒಂದೇ ಫ್ರೇಮಿನಲ್ಲಿ ಬಂದೇ ಇಲ್ಲ. ಬೆಳಕು ಯಾವಾಗಲೂ ಹಿಂದಿನಿಂದ ಅಥವಾ ಮುಕ್ಕಾಲು ಹಿಂದಿನಿಂದ. ಮುಂದಿನಿಂದ ಬಿದ್ದರೆ ಲೇಟೆಕ್ಸ್ ಚಪ್ಪಟೆಯಾಗುತ್ತದೆ, ಹಿಂದಿನಿಂದ ಬಿದ್ದರೆ ಒದ್ದೆಯ ಅಂಚು ಮಿಂಚಿ ಉಳಿದದ್ದನ್ನು ಕತ್ತಲು ನುಂಗುತ್ತದೆ.

ನಿಲ್ದಾಣದ ಹೊರನೋಟಕ್ಕೆ ಮೂರಡಿಯ ಮಾದರಿ. ಚಿಕ್ಕದು ದೊಡ್ಡದಾಗಿ ಕಾಣಬೇಕಾದರೆ ಹತ್ತಿರದ್ದೂ ದೂರದ್ದೂ ಎಲ್ಲವೂ ಫೋಕಸ್‌ನಲ್ಲಿರಬೇಕು, ಅಂದರೆ ಲೆನ್ಸಿನ ಕಿಂಡಿಯನ್ನು ಎಫ್ 16ಕ್ಕೆ ಕಿರಿದು ಮಾಡಬೇಕು. ಎಫ್ 4ಕ್ಕೆ ಹೋಲಿಸಿದರೆ 16 ಪಟ್ಟು ಬೆಳಕು ಬೇಕು. ಒಡೆಯುವ, ಬೀಳುವ ದೃಶ್ಯವಾದರೆ ಫ್ರೇಮ್ ವೇಗವನ್ನೂ ಏರಿಸಬೇಕು. 1:16 ಅಳತೆಯ ಮಾದರಿಗೆ 16ರ ವರ್ಗಮೂಲ, ಅಂದರೆ ನಾಲ್ಕು ಪಟ್ಟು ವೇಗ. ಅಲ್ಲಿಗೆ ಬೆಳಕಿನ ಲೆಕ್ಕ 64 ಪಟ್ಟಾಯಿತು, ಬಾಡಿಗೆ ಕೈಮೀರಿತು. ಆದ್ದರಿಂದ ನಿಲ್ದಾಣ ಒಡೆಯುವುದೇ ಇಲ್ಲ. ನಿಂತ ಮಾದರಿಯನ್ನು ಸ್ಟಿಲ್ ಕ್ಯಾಮೆರಾದಲ್ಲಿ ಫ್ರೇಮಿಗೆ ಒಂದು ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟು, ಸ್ಲೈಡರನ್ನು ಪ್ರತಿ ಫ್ರೇಮಿಗೆ 1 ಮಿ.ಮೀ. ಸರಿಸಿ ತೆಗೆದರೆ ಎರಡು ಸಣ್ಣ ದೀಪ ಸಾಕು.

ಸದ್ದನ್ನು ಕೊನೆಗೆ ಬಿಡುವವರೇ ಹೆಚ್ಚು, ಅದು ನನಗೆ ಬೇಸರದ ಸಂಗತಿ. ಓಣಿಯ ಗುಂಯ್‌ಗುಡುವಿಕೆ ಫ್ರಿಜ್ಜಿನ ಕಂಪ್ರೆಸರ್‌ಗೆ 27 ಮಿ.ಮೀ. ಪೀಜೊ ಡಿಸ್ಕ್ (ಕಂಪನವನ್ನು ವಿದ್ಯುತ್ತಾಗಿಸುವ ಬಿಲ್ಲೆ) ಅಂಟಿಸಿ ಹಿಡಿದದ್ದು. ಮೂಳೆ ಮುರಿಯುವುದಕ್ಕೆ ಹಸಿ ನುಗ್ಗೆಕಾಯಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಿರುಚಬೇಕು. ಬಾಯಿಯ ಸದ್ದಿಗೆ ಮಾಗಿದ ಪಪ್ಪಾಯಿಯ ತಿರುಳನ್ನು ಮೈಕಿನ ಹತ್ತಿರ ಹಿಸುಕಿ, ಒಂದು ಆಕ್ಟೇವ್, ಅಂದರೆ ಅರ್ಧ ಆವರ್ತನಕ್ಕೆ, ಕೆಳಗಿಳಿಸಿದೆವು. ಇಳಿಸಿದಾಗ ಮೇಲಿನ ತರಂಗಗಳು ಮಂದವಾಗುತ್ತವೆ, ಹಾಗಾಗಿ 96 ಕಿಲೋಹರ್ಟ್ಜ್‌ನಲ್ಲಿ ರೆಕಾರ್ಡ್ ಮಾಡಿ. ಆದರೆ ಮೈಕು 20 ಕಿಲೋಹರ್ಟ್ಜ್ ಆಚೆ ಹಿಡಿಯುವಂಥದ್ದಾಗಿದ್ದರೆ ಮಾತ್ರ ಅದಕ್ಕೆ ಅರ್ಥ. ಪ್ರತಿ ಬೆಳಕಿನ ವ್ಯವಸ್ಥೆಯಲ್ಲೂ ಒಂದು ನಿಮಿಷ ಖಾಲಿ ಕೋಣೆಯ ಸದ್ದು ಹಿಡಿದಿಡಿ.

ಎದೆ ನಡುಗಿಸುವ 40 ಹರ್ಟ್ಜ್ ಗುಡುಗು ಥಿಯೇಟರಿನಲ್ಲಿ ಚೆನ್ನ, ಮೊಬೈಲ್ ಸ್ಪೀಕರಿನಲ್ಲಿ ಅದು ಇಲ್ಲವೇ ಇಲ್ಲ. ನಮ್ಮ ಚಿತ್ರವನ್ನು ಹೆಚ್ಚಿನವರು ನೋಡುವುದು ಮೊಬೈಲಿನಲ್ಲೇ. ಆ ಗುಡುಗಿಗೆ ಸ್ಯಾಚುರೇಶನ್ (ಸದ್ದನ್ನು ಬೇಕೆಂದೇ ತುಸು ಒಡೆಯಿಸುವ ಎಫೆಕ್ಟ್) ಹಾಕಿ 160, 200, 240 ಹರ್ಟ್ಜ್‌ನ ಮೇಲಿನ ಸ್ವರಗಳನ್ನು ಎಬ್ಬಿಸಿದರೆ ಕಿವಿ ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಮಿಕ್ಸನ್ನು ಮೊದಲು ಹೆಡ್‌ಫೋನ್‌ನಲ್ಲಿ, ಆಮೇಲೆ ಮೊಬೈಲಿನಲ್ಲಿ ಫ್ಯಾನ್ ತಿರುಗುತ್ತಿರುವ ಕೋಣೆಯಲ್ಲಿ ಕೇಳಿ, ಪಿಸುಮಾತು ಫ್ಯಾನಿನ ಸದ್ದಿನಲ್ಲಿ ಮುಳುಗಿದರೆ ಅದನ್ನು ಮೂರು ಡೆಸಿಬಲ್ ಏರಿಸಿ ಮತ್ತೆ ಕೇಳಿ.