ಮನೆ ಹಿಂದಿನ ಧರೆ ಜರಿಯದಂತೆ ನೋಡಿಕೊಳ್ಳುವುದು ಹೇಗೆ? ಸೇಂಟ್ ಲೂಸಿಯಾದವರಿಂದ ನಾನು ಕಲಿತದ್ದು

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ಸಕಲೇಶಪುರದ ಹತ್ತಿರ ನಮ್ಮ ಮನೆ. ಹಿಂದೆ ಹನ್ನೆರಡು ಅಡಿ ಧರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ, ಅದರ ಮೇಲೆ ಕಾಫಿ. ನೀರು ಇಂಗಿಸಿ, ನೀರು ಇಂಗಿಸಿ ಅಂತ ಎಲ್ಲರೂ ಹೇಳುತ್ತಾರಲ್ಲ, ನಾನೂ ಹುರುಪಿನಲ್ಲಿ ಧರೆಯ ನೆತ್ತಿಯ ಮೇಲೆ ಸಾಲಾಗಿ ನಾಲ್ಕು ಇಂಗುಗುಂಡಿ ತೆಗೆಸಿದೆ. ಪುಷ್ಯ ಮಳೆ ಹಿಡಿಯಿತು. ಐದನೇ ದಿನ ಬೆಳಗ್ಗೆ ಬಚ್ಚಲಿಗೆ ಹೋದರೆ ಕಿಟಕಿಯಲ್ಲಿ ಬೆಳಕೇ ಇಲ್ಲ. ಹೊರಗೆ ಹೋಗಿ ನೋಡಿದರೆ ಮಣ್ಣು ಕಿಟಕಿ ಮುಚ್ಚಿ ನಿಂತಿತ್ತು, ಅದರ ಮೇಲೆ ಒಂದು ಕಾಫಿ ಗಿಡ ಕಾಯಿ ಸಮೇತ ನೆಟ್ಟಗೆ ನಿಂತಿತ್ತು, ಅಲ್ಲೇ ಹುಟ್ಟಿ ಬೆಳೆದದ್ದು ಅನ್ನೋ ಹಾಗೆ.

ಆಮೇಲೆ ಹುಡುಕಾಡುವಾಗ ಸಿಕ್ಕಿದ್ದು ಸೇಂಟ್ ಲೂಸಿಯಾ. ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ದೇಶ, ವಿಸ್ತೀರ್ಣ ಸುಮಾರು 616 ಚದರ ಕಿ.ಮೀ. ಕ್ರಿಕೆಟ್ ನೋಡುವವರಿಗೆ ಡ್ಯಾರೆನ್ ಸ್ಯಾಮಿ ಅವರ ಊರು ಅಂದರೆ ಸಾಕು. ಅಲ್ಲಿನ ರಾಜಧಾನಿ ಕ್ಯಾಸ್ಟ್ರೀಸ್ ಸುತ್ತ ಗುಡ್ಡಗಳು. ಬಡವರು ಅದರ ಇಳಿಜಾರಿನಲ್ಲೇ ಒತ್ತೊತ್ತಾಗಿ ಮನೆ ಕಟ್ಟಿಕೊಂಡಿದ್ದಾರೆ. ಮಳೆ ಜೋರಾದರೆ ಮಣ್ಣು ಜಾರುತ್ತಿತ್ತು. 2004ರಲ್ಲಿ ಅಲ್ಲಿನ ಸರ್ಕಾರದವರು, ಬ್ರಿಟನ್‌ನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಮಾಲ್ಕಮ್ ಆಂಡರ್ಸನ್ ಮತ್ತು ಲಿಜ್ ಹಾಲ್ಕಂಬ್ ಸೇರಿ ಒಂದು ಕೆಲಸ ಶುರು ಮಾಡಿದರು. ಹೆಸರು ಮೊಸಾಯಿಕ್ (MoSSaiC), ಕೇರಿಗಳಲ್ಲಿ ಇಳಿಜಾರು ಜಾರದಂತೆ ನೋಡಿಕೊಳ್ಳುವುದು ಅನ್ನುವುದರ ಇಂಗ್ಲಿಷ್ ಚುಟುಕು. ದೊಡ್ಡ ತಡೆಗೋಡೆ ಇಲ್ಲ, ದೊಡ್ಡ ಯಂತ್ರ ಇಲ್ಲ. ಮನೆಗಳ ನಡುವೆ ಸಣ್ಣ ಸಣ್ಣ ಕಾಂಕ್ರೀಟ್ ಚರಂಡಿ, ಮಾಡಿಗೆ (ಛಾವಣಿಗೆ) ಮಳೆನೀರು ಹಿಡಿಯುವ ದೋಣಿ, ಅಷ್ಟೇ. ಕೂಲಿ ಕೆಲಸವೂ ಬಹುಪಾಲು ಅಲ್ಲಿನವರಿಗೇ. 2010ರ ಅಕ್ಟೋಬರ್ ಕೊನೆಯಲ್ಲಿ ಟೋಮಾಸ್ ಚಂಡಮಾರುತ ಬಂದು ದ್ವೀಪದಲ್ಲಿ ಎಷ್ಟೋ ಕಡೆ ಗುಡ್ಡ ಕುಸಿಯಿತು, ಆದರೆ ಹೀಗೆ ಚರಂಡಿ ಮಾಡಿದ್ದ ಕೇರಿಗಳ ಇಳಿಜಾರು ತಡೆದುಕೊಂಡಿತು.

ನಮ್ಮಲ್ಲಿ ಇದನ್ನು ಮಾಡುವುದು ಹೇಗೆ ಅಂತ ನೋಡೋಣ.

ಶುರು ಮಾಡಬೇಕಾದ್ದು ಮಳೆಯಲ್ಲೇ. ಬೇಸಿಗೆಯಲ್ಲಿ ಧರೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಎಲ್ಲಾ ಗಟ್ಟಿ ಕಲ್ಲಿನ ಹಾಗೆ ಕಾಣುತ್ತದೆ. ಜೋರು ಮಳೆ ನಿಂತು ಅರ್ಧ ಗಂಟೆ ಆದ ಮೇಲೆ ಪಕ್ಕದ ಮನೆಯವರನ್ನೂ ಕರೆದುಕೊಂಡು ಸುತ್ತು ಹಾಕಿ. ಆದರೆ ಧರೆಯ ಬುಡಕ್ಕೆ ಹೋಗಬೇಡಿ, ದೂರದಿಂದ ನೋಡಿ. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಮಣ್ಣಿನೊಳಗೆ ಮಾಯ ಆಗುತ್ತದೆ, ಯಾವ ಮರ ವಾಲಿದೆ, ಎಲ್ಲಿ ಬಿರುಕು ಇದೆ, ಒಂದು ಹಾಳೆ ಮೇಲೆ ಗೀಚಿಕೊಳ್ಳಿ. ಸೇಂಟ್ ಲೂಸಿಯಾದಲ್ಲೂ ಮೊದಲ ನಕ್ಷೆ ಹೀಗೇ, ಅಲ್ಲಿ ವಾಸ ಇರುವವರ ಜೊತೆ ನಡೆದಾಡಿಯೇ ಆದದ್ದು. ಊರಿನ ಹಿರಿಯರನ್ನು ತಪ್ಪದೆ ಕೇಳಿ. ನಮ್ಮ ಪಕ್ಕದ ಮನೆ ಅಜ್ಜಿ ನಾನು ತೋರಿಸಿದ ಕಡೆ ನೋಡಲೇ ಇಲ್ಲ. "ಅಲ್ಲಲ್ಲ ಮಗ, ಆ ಹಲಸಿನ ಮರದ ಬುಡದಲ್ಲಿ ಆಶ್ಲೇಷದಲ್ಲಿ ಜಲ ಏಳ್ತಿತ್ತು, ನಿಮ್ಮಪ್ಪ ಮುಚ್ಚಿಸಿದ್ರು" ಅಂದರು. ಹೋಗಿ ಕೆರೆದು ನೋಡಿದರೆ ಬೆರಳು ಗಾತ್ರದ ಒರತೆ. ಧರೆ ಜರಿದದ್ದೂ ಅದರ ನೇರಕ್ಕೇ!

ಎರಡನೆಯದು, ನೀವೇ ಬಿಡುತ್ತಿರುವ ನೀರು. ಇದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಸಾವಿರ ಚದರಡಿ ಮಾಡಿನ ಮೇಲೆ ಒಂದು ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 9,300 ಲೀಟರ್ ನೀರು. ನಮ್ಮ ಕಡೆ ಮಳೆಗಾಲದಲ್ಲಿ 100 ಮಿ.ಮೀ. ಏನು ಅಪರೂಪ ಅಲ್ಲ, ಅಲ್ವಾ? ಮೇಲಿನ ಮನೆಯ ಸೂರು ನೀರು ಕೆಳಗಿನ ಮನೆಯ ಧರೆಯೊಳಗೆ ಇಳಿಯುತ್ತದೆ. ಜೊತೆಗೆ ಬಚ್ಚಲು ನೀರು, ಟ್ಯಾಂಕ್ ತುಂಬಿ ಚೆಲ್ಲುವ ನೀರು, ತೊಟ್ಟಿಕ್ಕುವ ಪೈಪು. ಮಣ್ಣಿನ ಕಣಗಳ ನಡುವೆ ನೀರು ತುಂಬಿ ಒತ್ತಡ ಹೆಚ್ಚಾದಾಗ ಹಿಡಿತ ಬಿಟ್ಟುಹೋಗುತ್ತದೆ, ಧರೆ ಜರಿಯುವುದು ಹಾಗೆ. ಅಡಿಯಲ್ಲಿ ಶೇಡಿ ಮಣ್ಣು (ನೆನೆದರೆ ಜಾರುವ ಬಿಳಿಚು ಜೇಡಿ) ಇದ್ದರಂತೂ ಕೇಳಲೇಬೇಡಿ. ಆದ್ದರಿಂದ ಮೊದಲ ದುಡ್ಡು ಮಾಡಿನ ದೋಣಿಗೆ ಹಾಕಿ. ಆರಿಂಚಿನ ಪಿವಿಸಿ ಪೈಪನ್ನು ಸೀಳಿಸಿದರೂ ಆಯಿತು, ಸದ್ಯಕ್ಕೆ ಅಡಿಕೆ ದಂಬೆ (ಸೀಳಿ ಒಳಗೆ ಟೊಳ್ಳು ಮಾಡಿದ ಅಡಿಕೆ ಮರ) ಕಟ್ಟಿದರೂ ಆಯಿತು. ದೋಣಿಯ ನೀರು ತೊಟ್ಟಿಗೆ ಅಥವಾ ಚರಂಡಿಗೆ ಹೋಗಬೇಕು, ಅಂಗಳಕ್ಕೆ ಬೀಳಬಾರದು.

ಮೂರನೆಯದು, ಧರೆಯ ಮೇಲ್ಭಾಗದ ಅಡ್ಡ ಚರಂಡಿ. ಮೇಲಿನಿಂದ ಬರುವ ನೀರನ್ನು ಧರೆ ಮುಟ್ಟುವ ಮೊದಲೇ ಹಿಡಿದು ಪಕ್ಕಕ್ಕೆ ಸಾಗಿಸುವುದು ಇದರ ಕೆಲಸ. ನೂರು ಅಡಿಗೆ ಒಂದೆರಡು ಅಡಿ ಇಳಿಜಾರು ಸಾಕು. ಮಟ್ಟ ನೋಡಲು ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪೈಪೇ ಸಾಕು. ಇಲ್ಲಿ ಒಂದು ಮಾತು ನೆನಪಿಡಿ. ಬರೀ ಮಣ್ಣಿನ ಚರಂಡಿ ತೆಗೆದು ಬಿಟ್ಟರೆ ನನ್ನ ಇಂಗುಗುಂಡಿಯ ಕತೆಯೇ ಆಗುತ್ತದೆ, ನೀರು ಅಲ್ಲೇ ನಿಂತು ಒಳಗೆ ಇಳಿಯುತ್ತದೆ. ತಳಕ್ಕೂ ಬದಿಗೂ ಸಿಮೆಂಟ್ ಹಾಕಿಸಿ. ದುಡ್ಡಿಲ್ಲದಿದ್ದರೆ ಒಂದು ಮಳೆಗಾಲಕ್ಕೆ ದಪ್ಪ ಟಾರ್ಪಾಲು ಹಾಸಿ. ಇಂಗುಗುಂಡಿ ಬೇಡ ಅನ್ನುತ್ತಿಲ್ಲ, ಗದ್ದೆ ಬಯಲಿನ ಕಡೆ ಎಷ್ಟು ಬೇಕಾದರೂ ಮಾಡಿ. ಮನೆ ಹಿಂದಿನ ಧರೆಯ ನೆತ್ತಿಯ ಮೇಲೆ ಮಾತ್ರ ಬೇಡ.

ತಡೆಗೋಡೆ? ಕಟ್ಟಿಸಬಹುದು, ಆದರೆ ನೀರು ಹೊರಗೆ ಬರಲು ಅದರಲ್ಲಿ ತೂತು ಬಿಡದಿದ್ದರೆ ಹಿಂದೆ ನೀರು ತುಂಬಿ ಗೋಡೆ ಸಮೇತ ಬೀಳುತ್ತದೆ. ಜೆಸಿಬಿಯವರು ಜಾಗ ಜಾಸ್ತಿ ಸಿಗುತ್ತೆ ಅಂತ ಧರೆಯನ್ನು ನೆಟ್ಟಗೆ ಕಡಿದುಕೊಡುತ್ತಾರೆ. ಅದಕ್ಕೆ ಒಪ್ಪಬೇಡಿ, ಹಂತ ಹಂತವಾಗಿ ಕಡಿಸಿ.

ಇಳಿಜಾರಿನ ಮೈಗೆ ಲಾವಂಚ ನೆಡಿ. ಕೆರಿಬಿಯನ್‌ನದೇ ಇನ್ನೊಂದು ದ್ವೀಪ ಟ್ರಿನಿಡಾಡ್‌ನ ಪಾರಮಿನ್ ಅನ್ನುವ ಗುಡ್ಡದ ಊರಿನಲ್ಲಿ ರಸ್ತೆ ಬದಿಗೂ ಹೊಲಕ್ಕೂ ಇದೇ ಹುಲ್ಲು. ಬಾರ್ಬಡೋಸ್‌ನಲ್ಲಿ ಇದನ್ನು ಖಸ್‌ಖಸ್ ಅಂತಲೇ ಕರೆಯುತ್ತಾರೆ. ಹುಲ್ಲು ನಮ್ಮ ಕಡೆಯದು, ಗುಂಡ್ಲುಪೇಟೆ ಕಡೆ ರೈತರು ಬದುವಿಗೆ ಇದನ್ನು ಹಾಕುತ್ತಾ ಬಂದಿದ್ದಾರೆ, ನಾವು ಮಾತ್ರ ಇದು ಬೀಸಣಿಗೆಗೆ ಅಷ್ಟೇ ಅಂದುಕೊಂಡು ಮರೆತುಬಿಟ್ಟೆವು. ಬೇರು ಮೂರು ಮೀಟರ್‌ವರೆಗೆ ನೆಟ್ಟಗೆ ಇಳಿಯುತ್ತದೆ. ಇಳಿಜಾರಿಗೆ ಅಡ್ಡಲಾಗಿ ಸಾಲು ಮಾಡಿ, ಬುಡದಿಂದ ಬುಡಕ್ಕೆ ನಾಲ್ಕರಿಂದ ಆರು ಇಂಚು. ಮಳೆ ಶುರುವಾಗುವಾಗ ನೆಟ್ಟರೆ ಚೆನ್ನಾಗಿ ಹತ್ತುತ್ತದೆ. ಮೊದಲ ವರ್ಷ ಅದರ ಮೇಲೆ ಭಾರ ಹಾಕಬೇಡಿ, ಅಂದರೆ ಹುಲ್ಲು ನೆಟ್ಟೆ ಅಂತ ಚರಂಡಿ ಬಿಡಬೇಡಿ.

ಇನ್ನು ಜಗಳದ ವಿಷಯ. ನಿಮ್ಮ ಚರಂಡಿ ನೀರು ಪಕ್ಕದವರ ಧರೆ ಮೇಲೆ ಬಿದ್ದರೆ ತೊಂದರೆ ಜಾಗ ಬದಲಿಸಿತು ಅಷ್ಟೇ. ಹಳ್ಳದವರೆಗೂ ದಾರಿ ಬೇಕು, ಆ ದಾರಿ ನಾಲ್ಕು ಜನರ ಜಮೀನಿನಲ್ಲಿ ಹೋಗುತ್ತದೆ. ನಾವು ಐದು ಮನೆಯವರು ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಸಂಜೆ ಕಣದಲ್ಲಿ ಕೂತು ಮಾತಾಡಿದೆವು. ಒಬ್ಬರು ಒಪ್ಪಲು ಎರಡು ವಾರ ಬೇಕಾಯಿತು. ನಕ್ಷೆ, ಫೋಟೋ, ಎಲ್ಲರ ಸಹಿ ಇಟ್ಟು ಗ್ರಾಮಸಭೆಯಲ್ಲಿ ಅರ್ಜಿ ಕೊಡಿ, ಪಂಚಾಯ್ತಿಯ ಕ್ರಿಯಾ ಯೋಜನೆಗೆ ಸೇರಿಸಲು ಪಿಡಿಒ ಅವರನ್ನು ಕೇಳಿ. ಬಾಯಿ ಮಾತಿನಲ್ಲಿ ಹೇಳಿ ಬರಬೇಡಿ, ಸ್ವೀಕೃತಿ ತಗೊಳ್ಳಿ.

ಇದೆಲ್ಲಾ ಮೇಲ್ಪದರದ ಮಣ್ಣು ಜಾರುವುದಕ್ಕೆ ಮಾತ್ರ. ಸಕಲೇಶಪುರದ ಪಕ್ಕದ ದೋಣಿಗಲ್ ಹತ್ತಿರ ಹೆದ್ದಾರಿಯಲ್ಲಿ ಆಗುವಂಥ ದೊಡ್ಡ ಕುಸಿತಕ್ಕೆ ನಮ್ಮ ಚರಂಡಿ ಸಾಲದು, ಅದು ಎಂಜಿನಿಯರುಗಳ ಕೆಲಸ. ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಹೊಸ ಬಿರುಕು ಕಂಡರೆ, ತಿಳಿಯಾಗಿದ್ದ ಒರತೆ ನೀರು ಚಹಾ ಬಣ್ಣಕ್ಕೆ ತಿರುಗಿದರೆ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ದನ ಬಿಚ್ಚಿ, ಮನೆಯವರನ್ನು ಕರೆದುಕೊಂಡು ಹೊರಡಿ, ಆಮೇಲೆ 112ಕ್ಕೆ ಫೋನ್ ಮಾಡಿ.

ನಮ್ಮ ಚರಂಡಿಗೆ ಈಗ ಇರುವ ಒಂದೇ ಶತ್ರು ಸಿಲ್ವರ್ ಓಕ್ ಎಲೆ. ಮಳೆಗಾಲದಲ್ಲಿ ಭಾನುವಾರಕ್ಕೊಂದು ಮನೆ ಸರದಿ, ಕುಕ್ಕೆ ಹಿಡಿದು ಎಲೆ ಬಾಚುವುದು. ಈ ವಾರ ನನ್ನದು.