ವರ್ಗಾವಣೆ ಆದೇಶದ ಜೊತೆಗೇ ಪರ್ಮಿಷನ್ನೂ ವರ್ಗ: ಸಹಕಾರಿ ಸಂಘದ ಶೇರ್‌ಪಾಯಿಂಟ್ ಸೈಟಿನಲ್ಲಿ ನನ್ನ ಅನುಭವ

ಉಡುಪಿಯಲ್ಲಿ ಪ್ರಧಾನ ಕಛೇರಿ ಇರುವ, ಬೈಂದೂರಿನಿಂದ ಸುರತ್ಕಲ್‌ವರೆಗೆ ಇಪ್ಪತ್ತರಷ್ಟು ಶಾಖೆಗಳಿರುವ ಒಂದು ಪತ್ತಿನ ಸಹಕಾರಿ ಸಂಘದ ಕಂಪ್ಯೂಟರ್ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ಸಿಬ್ಬಂದಿ 180ರ ಆಸುಪಾಸು. ಸುತ್ತೋಲೆಗಳು, ಸಾಲದ ಕಡತಗಳು, ಆಡಳಿತ ಮಂಡಳಿಯ ನಡಾವಳಿ, ಆಂತರಿಕ ತಪಾಸಣೆಯ ವರದಿಗಳು ಎಲ್ಲವೂ ಶೇರ್‌ಪಾಯಿಂಟ್ ಸೈಟಿನಲ್ಲಿವೆ, ಅಂದರೆ ಕಡತಗಳನ್ನು ಇಟ್ಟು ಹಂಚಿಕೊಳ್ಳುವ ಮೈಕ್ರೋಸಾಫ್ಟಿನ ಆನ್‌ಲೈನ್ ಜಾಗದಲ್ಲಿ. ಕಳೆದ ಎರಡು ಸಲದ ವಾರ್ಷಿಕ ವರ್ಗಾವಣೆಯಲ್ಲಿ ನಾನು ಒಬ್ಬ ನೌಕರರಿಗೂ ನನ್ನ ಕೈಯಿಂದ ಪರ್ಮಿಷನ್ (ಕಡತ ನೋಡುವ, ತಿದ್ದುವ ಅನುಮತಿ) ಕೊಟ್ಟಿಲ್ಲ, ಯಾರದನ್ನೂ ತೆಗೆದಿಲ್ಲ. ಇದು ಆಗಹೋಗದ ಮಾತು ಎಂದು ಮಂಗಳೂರಿನಲ್ಲಿ ಇದೇ ಕೆಲಸ ಮಾಡುವ ಇಬ್ಬರು ಮಿತ್ರರೂ ನಮ್ಮ ಮಹಾಪ್ರಬಂಧಕರೂ ಮೊದಲೇ ಹೇಳಿದ್ದರು. ಆದ್ದರಿಂದ ಅದು ಆದ ಬಗೆಯನ್ನು ಬರೆದಿಡುತ್ತಿದ್ದೇನೆ. ಕೋರ್ ಬ್ಯಾಂಕಿಂಗ್ ತಂತ್ರಾಂಶದ ಲಾಗಿನ್‌ಗಳ ವಿಷಯ ಬೇರೆ, ಅದನ್ನು ಇಲ್ಲಿಗೆ ಎಳೆಯುವುದಿಲ್ಲ.

ಸೈಟನ್ನು ಕಟ್ಟಿಕೊಟ್ಟವರು ಸುಮಾರು ಒಂದೂವರೆ ಲಕ್ಷ ರೂಪಾಯಿ ತೆಗೆದುಕೊಂಡು, ಎಲ್ಲ ಶಾಖೆಗಳ ಸಾಲದ ಕಡತಗಳನ್ನು ಒಂದೇ ಲೈಬ್ರರಿಯಲ್ಲಿ (ಸೈಟಿನೊಳಗಿನ ಕಡತಗಳ ಕಪಾಟಿನಲ್ಲಿ) ತುಂಬಿ, ಶಾಖೆಗೊಂದು ಫೋಲ್ಡರ್, ಸಾಲಗಾರರಿಗೊಂದು ಒಳಫೋಲ್ಡರ್ ಮಾಡಿ, ಬೇಕಾದಲ್ಲೆಲ್ಲ ಇನ್ಹೆರಿಟೆನ್ಸ್ ಮುರಿದು, ಅಂದರೆ ಮೇಲಿನ ಹಂತದ ಪರ್ಮಿಷನ್ ಕೆಳಗೂ ತಾನಾಗಿ ಅನ್ವಯಿಸುವುದನ್ನು ತಪ್ಪಿಸಿ ಪ್ರತ್ಯೇಕ ಪರ್ಮಿಷನ್ ಇಟ್ಟು, ಹೋಗಿದ್ದರು. ಒಂದು ಲೈಬ್ರರಿಯಲ್ಲಿ ಪ್ರತ್ಯೇಕ ಪರ್ಮಿಷನ್‌ಗಳಿಗೆ 50,000ದ ಮಿತಿ ಇದ್ದರೂ 5,000ದೊಳಗೆ ಇರಿಸಿಕೊಳ್ಳಿ ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ನಾನು ನೋಡಿದಾಗ ನಮ್ಮದು ಮೂರು ಸಾವಿರ ದಾಟಿತ್ತು. ಅದರ ಮೇಲೆ, ಟೀಮ್ ಸೈಟನ್ನು ಪಬ್ಲಿಕ್ ಎಂದು ತೆರೆದಿದ್ದರಿಂದ ಮೆಂಬರ್ಸ್ ಗುಂಪಿನೊಳಗೆ ‘ಎವ್ರಿಒನ್ ಎಕ್ಸೆಪ್ಟ್ ಎಕ್ಸ್‌ಟರ್ನಲ್ ಯೂಸರ್ಸ್’ ತಾನಾಗಿಯೇ ಬಂದು ಕುಳಿತಿತ್ತು. ಅಂದರೆ ಇನ್ಹೆರಿಟೆನ್ಸ್ ಮುರಿಯದೆ ಉಳಿದ ಪ್ರತಿ ಫೋಲ್ಡರೂ ಇಡೀ ಸಂಘಕ್ಕೆ ತೆರೆದಿತ್ತು.

ಕಾಪುವಿನಿಂದ ಕುಂದಾಪುರಕ್ಕೆ ವರ್ಗವಾಗಿ ಹೋದ ಅಧಿಕಾರಿಯೊಬ್ಬರಿಗೆ ಕಾಪುವಿನ ಕಡತಗಳು ಇನ್ನೂ ಕಾಣುತ್ತಿವೆ ಎಂಬ ದೂರು ಬಂದಾಗ ‘ಚೆಕ್ ಪರ್ಮಿಷನ್ಸ್’ ಒತ್ತಿ ನೋಡಿದೆ. ಅವರಿಗೆ ಮೂರು ದಾರಿಗಳಿದ್ದವು: ಫೋಲ್ಡರಿನ ಮೇಲೆ ನೇರವಾಗಿ ಅವರ ಹೆಸರಿಗೆ ಕೊಟ್ಟದ್ದು ಒಂದು, ಯಾರೋ ಕಳುಹಿಸಿದ ಶೇರಿಂಗ್ ಲಿಂಕ್ ಇನ್ನೊಂದು, ಮೆಂಬರ್ಸ್ ಗುಂಪಿನ ಮೂಲಕ ಮತ್ತೊಂದು. ಒಂದನ್ನು ತೆಗೆದರೆ ಉಳಿದೆರಡು ಸಾಕಾಗುತ್ತಿದ್ದವು. ಇನ್ನೂ ಒಂದು ಪೇಚು ನಮ್ಮ ಜಿಲ್ಲೆಯದೇ. ಒಂದೇ ಹೆಸರು, ಅದರ ಮುಂದೆ ಅದೇ ಶೆಟ್ಟಿ, ಅಂಥವರು ನಮ್ಮಲ್ಲಿ ಮೂವರಿದ್ದಾರೆ. ಹೆಸರು ಹುಡುಕುವ ಪೆಟ್ಟಿಗೆಯಲ್ಲಿ ಮೊದಲು ಬಂದವರನ್ನು ಶಾಖೆಯವರು ಆರಿಸಿಬಿಟ್ಟದ್ದರಿಂದ ಬ್ರಹ್ಮಾವರದ ಸಾಲದ ಕಡತಗಳು ಮೂಡುಬಿದಿರೆಯ ಅಟೆಂಡರ್ ಒಬ್ಬರಿಗೆ ತಿಂಗಳುಗಟ್ಟಲೆ ತೆರೆದಿದ್ದವು. ಅವರು ಒಮ್ಮೆಯೂ ನೋಡಿರಲಿಲ್ಲ ಎಂಬುದು ನಮ್ಮ ಪುಣ್ಯ. ವ್ಯಕ್ತಿಯ ಹೆಸರಿಗೆ ಪರ್ಮಿಷನ್ ಕೊಡುವುದನ್ನೇ ನಿಲ್ಲಿಸಬೇಕೆಂದು ನಾನು ತೀರ್ಮಾನಿಸಿದ್ದು ಆಗ.

ಮೊದಲ ಪ್ರಯತ್ನ ಶಾಖೆಗೊಂದು ಮೈಕ್ರೋಸಾಫ್ಟ್ 365 ಗ್ರೂಪ್ (ಸದಸ್ಯರಿಗೆ ಸೈಟಿನ ಜೊತೆಗೆ ಸಾಮೂಹಿಕ ಮೇಲ್ ಪೆಟ್ಟಿಗೆಯೂ ಸಿಗುವ ಗುಂಪು). ಇದು ಒಂದು ಮಳೆಗಾಲ ದಾಟಲಿಲ್ಲ. ಆ ಗ್ರೂಪಿನೊಳಗೆ ಇನ್ನೊಂದು ಗ್ರೂಪನ್ನು ಸೇರಿಸಲು ಬರುವುದಿಲ್ಲವಾದ್ದರಿಂದ ಆಂತರಿಕ ತಪಾಸಣೆಯ ಪ್ರತಿಯೊಬ್ಬರನ್ನೂ ಎಲ್ಲ ಶಾಖೆಗಳಿಗೆ ಒಬ್ಬೊಬ್ಬರಾಗಿ ಸೇರಿಸಬೇಕಾಯಿತು, ಎಲ್ಲ ಶಾಖೆಗಳ ಮೇಲ್‌ಗಳೂ ಅವರ ಪೆಟ್ಟಿಗೆಗೆ ಬಂದು ಬೀಳತೊಡಗಿದವು. ಸದಸ್ಯರಿಗೆ ತಾನಾಗಿ ಸಿಗುವ ‘ಎಡಿಟ್’ ಹಂತದಲ್ಲಿ ಲೈಬ್ರರಿಯನ್ನೇ ಅಳಿಸುವ ಅಧಿಕಾರವೂ ಸೇರಿದೆ ಎಂಬುದನ್ನು ಒಂದು ಶಾಖೆಯವರು ಅಳಿಸಿಯೇ ತೋರಿಸಿಕೊಟ್ಟರು. ರೀಸೈಕಲ್ ಬಿನ್‌ನಲ್ಲಿ 93 ದಿನ ಉಳಿಯುವುದರಿಂದ ಮರಳಿ ಸಿಕ್ಕಿತು.

ಎರಡನೆಯದು ಡೈನಾಮಿಕ್ ಗ್ರೂಪ್. ಯೂಸರ್ ಖಾತೆಯಲ್ಲಿ ಬರೆದ ಶಾಖೆಯ ಹೆಸರನ್ನು ನೋಡಿ ಸದಸ್ಯತ್ವ ತಾನಾಗಿ ಬದಲಾಗುತ್ತದೆ, ಕೇಳಲು ಬಹಳ ಸೊಗಸು. ಆದರೆ ಅದಕ್ಕೆ ಎಂಟ್ರಾ ಐಡಿ ಎಂಬ ಮೈಕ್ರೋಸಾಫ್ಟಿನ ಖಾತೆ ನಿರ್ವಹಣಾ ಸೇವೆಯ ಪಿ1 ಲೈಸೆನ್ಸ್ ಬೇಕು. ಟ್ರಯಲ್‌ನಲ್ಲಿ ಹಾಕಿ ನೋಡಿದಾಗ ನಮ್ಮಲ್ಲಿ ಕುಂದಾಪುರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ಬಗೆಯಲ್ಲಿ, ಮೂಡುಬಿದಿರೆಯನ್ನು ಅದಕ್ಕಿಂತಲೂ ಹೆಚ್ಚು ಬಗೆಯಲ್ಲಿ ಬರೆದದ್ದು ಬೆಳಕಿಗೆ ಬಂತು, ಅರ್ಧದಷ್ಟು ಜನ ಯಾವ ಗ್ರೂಪಿಗೂ ಬೀಳಲಿಲ್ಲ. ಕಾಗುಣಿತ ತಿದ್ದಬಹುದಿತ್ತು. 180 ಜನರಿಗೆ ಪಿ1 ಕೊಳ್ಳಲು ಆಗುವ ವರ್ಷದ ಖರ್ಚನ್ನು ಆಡಳಿತ ಮಂಡಳಿಯ ಮುಂದೆ ಇಡುವ ಧೈರ್ಯ ಮಾತ್ರ ನನಗಿರಲಿಲ್ಲ. ಮಂಗಳೂರಿನ ಮಿತ್ರರು ಸೂಚಿಸಿದ ಬೇರೆ ಕಂಪೆನಿಯ ತಂತ್ರಾಂಶಕ್ಕೆ ಎರಡೂವರೆ ಲಕ್ಷದ ಅಂದಾಜು ಪಟ್ಟಿ ಬಂದಿತ್ತು. ಅದು ಇನ್ನೂ ನನ್ನ ಕಡತದಲ್ಲಿದೆ.

ಕೊನೆಗೆ ನಿಂತ ವ್ಯವಸ್ಥೆ ಸರಳವಾಗಿದೆ. ಶಾಖೆಗೊಂದು ಲೈಬ್ರರಿ, ಇನ್ಹೆರಿಟೆನ್ಸ್ ಮುರಿಯುವುದು ಲೈಬ್ರರಿಯ ಮಟ್ಟದಲ್ಲಿ ಮಾತ್ರ, ಅದರೊಳಗೆ ಯಾವ ಫೋಲ್ಡರಿನಲ್ಲೂ ಇಲ್ಲ. ಪ್ರತಿ ಲೈಬ್ರರಿಗೆ ವ್ಯವಸ್ಥಾಪಕರು, ಸಿಬ್ಬಂದಿ, ಓದುಗರು ಎಂಬ ಮೂರು ಶೇರ್‌ಪಾಯಿಂಟ್ ಗುಂಪುಗಳು. ಅವುಗಳಲ್ಲಿ ಮನುಷ್ಯರ ಹೆಸರಿಲ್ಲ, ಹುದ್ದೆಯ ಹೆಸರಿನ ಸೆಕ್ಯುರಿಟಿ ಗ್ರೂಪ್‌ಗಳು (ಪರ್ಮಿಷನ್‌ಗೆಂದೇ ಇರುವ ಖಾತೆಗಳ ಪಟ್ಟಿಗಳು, ನೌಕರರು ಸೇರುವುದು ಇವುಗಳೊಳಗೆ) ಮಾತ್ರ ಇವೆ. ಆಂತರಿಕ ತಪಾಸಣೆಯ ಒಂದೇ ಸೆಕ್ಯುರಿಟಿ ಗ್ರೂಪನ್ನು ಎಲ್ಲ ಶಾಖೆಗಳ ಓದುಗರಲ್ಲಿ ಸೇರಿಸಿದರೆ ಅವರ ಕೆಲಸ ಮುಗಿಯಿತು. ಮೂರು ಸಾವಿರವಿದ್ದ ಪ್ರತ್ಯೇಕ ಪರ್ಮಿಷನ್‌ಗಳು ಮೂವತ್ತರ ಆಸುಪಾಸಿಗೆ ಇಳಿದವು. ಗ್ರೂಪ್‌ಗಳಿಗೆ ಹೆಸರಿಡಲು ಒಂದು ಸಂಕೇತಕ್ರಮ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಹೆಸರನ್ನು ನೋಡಿಯೇ ಯಾರು ಎಲ್ಲಿ ಏನು ಮಾಡಬಲ್ಲರೆಂದು ತಿಳಿಯಬೇಕು ಎಂದಷ್ಟೇ ಹೇಳುತ್ತೇನೆ.

ಇಷ್ಟನ್ನು ಅನೇಕರು ಮಾಡುತ್ತಾರೆ. ವಿರೋಧ ಬಂದದ್ದು ಇದರ ಮುಂದಿನ ಹೆಜ್ಜೆಗೆ. ಸೆಕ್ಯುರಿಟಿ ಗ್ರೂಪ್‌ಗಳ ಓನರ್ ಆಗಿ ನಾನು ನನ್ನನ್ನು ಇಟ್ಟುಕೊಳ್ಳದೆ, ವರ್ಗಾವಣೆ ಆದೇಶವನ್ನು ಟೈಪ್ ಮಾಡುವ ಸಿಬ್ಬಂದಿ ವಿಭಾಗದ ಹಿರಿಯ ಗುಮಾಸ್ತೆಯನ್ನು ಇಟ್ಟೆ. ಓನರ್ ಆದವರಿಗೆ ಅಡ್ಮಿನ್ ಅಧಿಕಾರ ಬೇಕಿಲ್ಲ, ‘ಮೈ ಗ್ರೂಪ್ಸ್’ ಪುಟದಲ್ಲಿ ಸದಸ್ಯರನ್ನು ಸೇರಿಸಲೂ ತೆಗೆಯಲೂ ಬರುತ್ತದೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾಗಿ ನಮ್ಮಲ್ಲಿಗೆ ಬಂದ ಮಹಾಪ್ರಬಂಧಕರು, “ಗುಮಾಸ್ತರೇ ಪರ್ಮಿಷನ್ ಕೊಡುವುದಾದರೆ ಮತ್ತೆ ನೀವು ಎಂಥಕ್ಕೆ ಮಾರಾಯ್ರೆ?” ಎಂದು ಸಭೆಯಲ್ಲೇ ಕೇಳಿದರು. ಅದಕ್ಕೆ ನಾನು ಉತ್ತರಿಸುವ ಮೊದಲೇ ನಿರ್ದೇಶಕರೊಬ್ಬರು, ಉಡುಪಿ ಕೃಷ್ಣಮಠದ ಪರ್ಯಾಯದಲ್ಲಿ ಎರಡು ವರ್ಷಕ್ಕೊಮ್ಮೆ ಅಕ್ಷಯಪಾತ್ರೆ, ಸಟ್ಟುಗಗಳು ಒಂದು ಮಠದಿಂದ ಇನ್ನೊಂದಕ್ಕೆ ಹೋಗುವುದಿಲ್ಲವೇ, ಪೂಜೆಯ ಅಧಿಕಾರ ಪೀಠದ ಜೊತೆಗೆ ಹೋಗುತ್ತದೆ, ಇದೂ ಹಾಗೆಯೇ ಎಂದರು. ಪವರ್‌ಪಾಯಿಂಟಿನಲ್ಲಿ ನಾನು ಮಾಡಿಕೊಂಡು ಹೋಗಿದ್ದ ಹತ್ತು ಪುಟಗಳು ತೆರೆಯದೆ ಉಳಿದವು.

ಮಹಾಪ್ರಬಂಧಕರ ಆಕ್ಷೇಪದಲ್ಲಿ ಹುರುಳಿತ್ತು, ಏಕೆಂದರೆ ಓನರ್ ಆದವರು ತಮ್ಮನ್ನೇ ಯಾವ ಗ್ರೂಪಿಗೂ ಸೇರಿಸಿಕೊಳ್ಳಬಹುದು. ಅದಕ್ಕಾಗಿ ತಿಂಗಳಿಗೊಮ್ಮೆ ಎಲ್ಲ ಗ್ರೂಪ್‌ಗಳ ಸದಸ್ಯರ ಪಟ್ಟಿಯನ್ನು ಪವರ್‌ಶೆಲ್ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಮ್) ಒಂದು ಹಿಂದಿನ ತಿಂಗಳಿನದರೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಮಾತ್ರ ಆಂತರಿಕ ತಪಾಸಣಾಧಿಕಾರಿಗೆ ಕಳುಹಿಸುತ್ತದೆ, ನನಗೆ ಕಳುಹಿಸುವುದಿಲ್ಲ. ಅವರು ಅದನ್ನು ವರ್ಗಾವಣೆ ಆದೇಶಗಳೊಂದಿಗೆ ತಾಳೆ ನೋಡಿ ಸಹಿ ಹಾಕುತ್ತಾರೆ. ರಜೆಯಲ್ಲಿರುವವರ ಬದಲಿಗೆ ಬೇರೆ ಶಾಖೆಗೆ ಹೋದವರು ಈ ವ್ಯತ್ಯಾಸದಲ್ಲಿ ಗದ್ದಲ ಎಬ್ಬಿಸದಂತೆ ಸ್ಕ್ರಿಪ್ಟಿನಲ್ಲಿ ಒಂದು ಉಪಾಯವಿದೆ. ಅದು ನನ್ನಲ್ಲೇ ಇರಲಿ. ಗುಮಾಸ್ತೆಯವರಂತೂ ಎರಡನೆಯ ವರ್ಷ, “ನೀವು ಫೋನ್ ಮಾಡ್ಬೇಡಿ ಸರ್, ಆರ್ಡರ್ ಸಹಿಯಾದ ಕೂಡ್ಲೇ ನಾನೇ ಬದಲು ಮಾಡ್ತೇನೆ” ಎಂದುಬಿಟ್ಟರು. ಮಾಡಿದರು ಕೂಡ, ನಲವತ್ತರಷ್ಟು ವರ್ಗಾವಣೆಗಳನ್ನು ಒಂದೇ ಮಧ್ಯಾಹ್ನ. ಬದಲಾವಣೆ ಕೆಲವರಿಗೆ ಕೂಡಲೇ ತಾಗುತ್ತದೆ, ಕೆಲವರಿಗೆ ತಾಸುಗಟ್ಟಲೆ ಬೇಕು. ಸೈನ್ ಔಟ್ ಮಾಡಿ ಮತ್ತೆ ಬನ್ನಿ ಎಂಬ ಸಾಲನ್ನು ಈಗ ಆದೇಶದ ಕೆಳಗೇ ಅಚ್ಚು ಹಾಕುತ್ತೇವೆ.

ಇದರ ನಡುವೆ ಅಳಿಸಲು ಬಾರದ ಒಂದು ಪರ್ಮಿಷನ್ ಹಂತವನ್ನೂ ಪ್ರಯೋಗಿಸಿದೆ. ಕಡತ ಸೇರಿಸಲು, ತಿದ್ದಲು, ಅಳಿಸಲು ಬಿಡುವ ‘ಕಾಂಟ್ರಿಬ್ಯೂಟ್’ ಹಂತವನ್ನು ನಕಲು ಮಾಡಿ ‘ಡಿಲೀಟ್ ಐಟಮ್ಸ್’ ತೆಗೆದರೆ ಅದು ಸಿದ್ಧ. ಆದರೆ ಕಡತವನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸರಿಸುವುದೆಂದರೆ ಮೂಲದಲ್ಲಿ ಅಳಿಸುವುದೂ ಆದ್ದರಿಂದ ಶಾಖೆಗಳಿಂದ ದಿನವೂ ದೂರು ಬಂತು. ಈಗ ಅದು ತೀರಿದ ಸಾಲಗಳ ಲೈಬ್ರರಿಗೆ ಮಾತ್ರ ಇದೆ. ಪಿಗ್ಮಿ ಸಂಗ್ರಾಹಕರಿಗೂ ಯೂಸರ್ ಖಾತೆ ಕೊಡಿ ಎಂಬ ಬೇಡಿಕೆ ಬಂದಿತ್ತು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಯೋಜನೆಯನ್ನು ಶುರು ಮಾಡಿದ ಊರಿನಲ್ಲಿ ಸಂಗ್ರಾಹಕರನ್ನು ಕಡೆಗಣಿಸಲಾಗದು, ಆದರೆ ಅವರಿಗೆ ಬೇಕಾದದ್ದು ತಿಂಗಳಿಗೆ ಒಂದೆರಡು ಸುತ್ತೋಲೆ. ಶಾಖೆಗೊಂದು ಸಾಮೂಹಿಕ ಲಾಗಿನ್ ಕೊಟ್ಟು ನೋಡಿದ ಕಡೆ ಪಾಸ್‌ವರ್ಡ್ ಕ್ಯಾಲೆಂಡರಿನ ಮೇಲೆ ಬರೆದಿತ್ತು. ಅದನ್ನು ನಿಲ್ಲಿಸಿ ಸುತ್ತೋಲೆಯನ್ನು ಮುದ್ರಿಸಿಕೊಡುತ್ತಿದ್ದೇವೆ.

ದುಡ್ಡಿನ ಲಾಭ ಎಣಿಸದ ಕಡೆಯಿಂದ ಬಂತು. ಪಟ್ಟಿ ತಾಳೆ ನೋಡುವಾಗ ಯಾವ ಗ್ರೂಪಿಗೂ ಸೇರದ ಮೂವತ್ತರಷ್ಟು ಯೂಸರ್ ಖಾತೆಗಳು ಉಳಿದವು, ಎಲ್ಲವೂ ನಿವೃತ್ತರದ್ದು ಅಥವಾ ಗಲ್ಫಿಗೆ ಹೋದವರದ್ದು. ಅವುಗಳ ಲೈಸೆನ್ಸಿಗೆ ತೆರಿಗೆ ಸೇರಿ ವರ್ಷಕ್ಕೆ 60,000 ರೂಪಾಯಿಗಳ ಹತ್ತಿರ ಕಟ್ಟುತ್ತಿದ್ದೆವು. ಹಳೆಯ ಮೇಲ್ ಬೇಕಾದ ಕೆಲವನ್ನು ಶೇರ್ಡ್ ಮೇಲ್‌ಬಾಕ್ಸ್ ಮಾಡಿದೆ, 50 ಜಿಬಿ ಒಳಗಿದ್ದರೆ ಅದಕ್ಕೆ ಲೈಸೆನ್ಸ್ ಬೇಡ. ಉಳಿದವನ್ನು ಅಳಿಸಿದೆ. ಅಳಿಸಿದ ಖಾತೆ 30 ದಿನ ಮರಳಿ ಪಡೆಯುವಂತೆ ಇರುತ್ತದೆ, ಯಾರೂ ಕೇಳಿಕೊಂಡು ಬರಲಿಲ್ಲ. ಹೊರಗಿನ ಲೆಕ್ಕಪರಿಶೋಧಕರ ಸಹಾಯಕರಿಗೆ ಗೆಸ್ಟ್ ಪ್ರವೇಶ ಕೊಟ್ಟು 60 ದಿನಕ್ಕೆ ತಾನಾಗಿ ಮುಗಿಯುವಂತೆ ಇರಿಸಿದ್ದೇನೆ.

ಇನ್ನುಳಿದದ್ದು ಅಡ್ಮಿನ್ ಖಾತೆ. ನನ್ನದಲ್ಲದೆ ತುರ್ತಿಗೆಂದು ಎಲ್ಲ ಅಧಿಕಾರವೂ ಇರುವ ಇನ್ನೊಂದು ಗ್ಲೋಬಲ್ ಅಡ್ಮಿನ್ ಖಾತೆ ಇದೆ. ಅದರ ಪಾಸ್‌ವರ್ಡನ್ನು ಮೊಹರು ಹಾಕಿದ ಲಕೋಟೆಯಲ್ಲಿಟ್ಟು, ಎರಡು ಕೀಲಿಗಳಿಲ್ಲದೆ ತೆರೆಯದ ಸ್ಟ್ರಾಂಗ್ ರೂಮಿನಲ್ಲಿ ಚಿನ್ನದ ಪೊಟ್ಟಣಗಳ ಪಕ್ಕದಲ್ಲಿ ಇಟ್ಟಿದ್ದೇವೆ. ಅಡ್ಮಿನ್ ಪುಟಗಳಿಗೆ ಎರಡು ಹಂತದ ದೃಢೀಕರಣವನ್ನು ಮೈಕ್ರೋಸಾಫ್ಟ್ ಕಡ್ಡಾಯ ಮಾಡಿದ ಮೇಲೆ ತುರ್ತು ಖಾತೆಗೂ ವಿನಾಯಿತಿ ಇಲ್ಲದ್ದರಿಂದ, ಮೂರು ಸಾವಿರ ರೂಪಾಯಿಯೊಳಗೆ ಸಿಕ್ಕಿದ ಒಂದು ಫಿಡೋ2 ಕೀಲಿಯೂ (ಲಾಗಿನ್ ಆಗುವಾಗ ಗುರುತು ದೃಢೀಕರಿಸುವ ಪುಟ್ಟ ಸಾಧನ) ಅದೇ ಲಕೋಟೆಗೆ ಸೇರಿದೆ. ವರ್ಷಕ್ಕೊಮ್ಮೆ ಮಾರ್ಚ್ ಲೆಕ್ಕ ಮುಗಿದ ಮೇಲೆ ಮಹಾಪ್ರಬಂಧಕರ ಎದುರಿನಲ್ಲಿ ಅದನ್ನು ತೆರೆದು, ಲಾಗಿನ್ ಆಗಿ ನೋಡಿ, ಪಾಸ್‌ವರ್ಡ್ ಬದಲಿಸಿ, ಮತ್ತೆ ಮೊಹರು ಹಾಕಿ, ಕೀಲಿ ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಮಾಡುತ್ತೇವೆ.