ಜೊತೆಗೂಡಿ ಹೊಸದು ಮಾಡುವ ಮುನ್ನ ಪಾಲು ಬರೆದಿಡಿ

ಪೀಣ್ಯದ ಒಂದು ಶೆಡ್‌ನಲ್ಲಿ ನೀವು ಪಂಪ್ ತಯಾರಿಸುತ್ತೀರಿ ಎನ್ನಿ. ಮೋಟಾರು ಸುಡುವ ಮೊದಲೇ ರೈತನ ಮೊಬೈಲ್‌ಗೆ ಸುದ್ದಿ ಕಳಿಸುವ ಪಂಪ್ ಮಾಡಬೇಕೆಂಬ ಆಸೆ. ಲೇತ್ ನಿಮ್ಮಲ್ಲಿದೆ. ಸೆನ್ಸರ್ ಬಲ್ಲವರು ಎಲೆಕ್ಟ್ರಾನಿಕ್ ಸಿಟಿಯ ಸ್ಟಾರ್ಟಪ್‌ನಲ್ಲಿದ್ದಾರೆ. ಅದುರಾಟದ ಲೆಕ್ಕ ಕಾಲೇಜಿನ ಮೇಷ್ಟ್ರಿಗೆ ಗೊತ್ತು. ಮೂವರನ್ನೂ ಒಂದೇ ಗಾಡಿಗೆ ಕಟ್ಟುವುದು ಹೇಗೆ?

ಮೊದಲು ಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸುಮ್ನೆ 'ಏನಾದರೂ ಹೊಸದು ಮಾಡೋಣ' ಎಂದು ಹೋದರೆ ಕಾಫಿ ಸಿಗುತ್ತದೆ, ಅಷ್ಟೇ. ಆಮೇಲೆ ಜೊತೆಗಾರರನ್ನು ಹುಡುಕಿ. ಬೆಂಗಳೂರು ವಿಜಯನಗರದಲ್ಲಿರುವ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾದಲ್ಲಿ ವಿಚಾರಿಸಬಹುದು. ತುಮಕೂರು ರಸ್ತೆಯ ಸಂಶೋಧನಾ ಸಂಸ್ಥೆ ಸಿಎಂಟಿಐ 1962ರಿಂದ ತಯಾರಿಕೆಯ ತಂತ್ರಜ್ಞಾನದಲ್ಲೇ ಪಳಗಿದೆ. ಗುಟ್ಟು ಕಾಯುವ ಒಪ್ಪಂದಕ್ಕೆ ಸಹಿ ಬೀಳುವ ತನಕ ಡ್ರಾಯಿಂಗ್ ವಾಟ್ಸ್ಆ್ಯಪ್ ಮಾಡಬೇಡಿ.

ಜಾಸ್ತಿ ಜನ ಎಡವುವುದು ಹಕ್ಕಿನ ವಿಷಯದಲ್ಲಿ. 'ಪೇಟೆಂಟ್ ಬಂದರೆ ಎಲ್ಲರಿಗೂ ಸಮಪಾಲು' ಎಂದರೆ ಕೇಳಲು ಚೆಂದ, ಅಲ್ವಾ? 1970ರ ಪೇಟೆಂಟ್ ಕಾಯ್ದೆಯ 50ನೇ ಸೆಕ್ಷನ್ ಓದಿ ನೋಡಿ. ಬೇರೆ ಒಪ್ಪಂದ ಇಲ್ಲದಿದ್ದರೆ ಜಂಟಿ ಒಡೆಯರಲ್ಲಿ ಯಾರು ಬೇಕಾದರೂ ಅದನ್ನು ಸ್ವಂತಕ್ಕೆ ಬಳಸಬಹುದು, ಉಳಿದವರಿಗೆ ಲೆಕ್ಕ ಕೊಡಬೇಕಿಲ್ಲ. ಆದರೆ ಲೈಸೆನ್ಸ್ ಕೊಡಲು, ಪಾಲು ಮಾರಲು ಎಲ್ಲರ ಒಪ್ಪಿಗೆ ಬೇಕು. ಅಂದರೆ ಸ್ಟಾರ್ಟಪ್ ತಾನೇ ಆ ಪಂಪ್ ಮಾಡಿ ಮಾರಿದರೆ ನೀವು ಒಂದು ರೂಪಾಯಿ ಕೇಳುವಂತಿಲ್ಲ. ದೊಡ್ಡ ಕಂಪನಿಯೊಂದು ಲೈಸೆನ್ಸ್ ಕೇಳಿಕೊಂಡು ನಿಮ್ಮ ಬಾಗಿಲಿಗೆ ಬಂದರೆ, ಸ್ಟಾರ್ಟಪ್‌ನವರು 'ಬೇಡ' ಎಂದು ಕೂರಬಹುದು.

ಅದಕ್ಕೇ ಎರಡು ಪಟ್ಟಿ ಮಾಡಿ. ಯಾರು ಏನು ತಂದರು ಎಂಬುದು ಒಂದು. ಅದು ತಂದವರದ್ದೇ. ಜೊತೆಯಾಗಿ ಹುಟ್ಟಿದ್ದು ಇನ್ನೊಂದು. ಪಂಪ್‌ನಲ್ಲಿ ಬಳಸುವ ಹಕ್ಕು ನಿಮಗೆ, ಉಳಿದ ಯಂತ್ರಗಳಲ್ಲಿ ಸ್ಟಾರ್ಟಪ್‌ಗೆ ಎಂದು ಹಂಚಿಕೊಂಡರೆ ಜಗಳ ಕಡಿಮೆ. ವಕೀಲರ ಫೀಸು ಉಳಿಸುವ ಜಾಗ ಇದಲ್ಲ.

ಮೇಷ್ಟ್ರಿಗೆ ಪ್ರಬಂಧ ಪ್ರಕಟಿಸುವ ಆತುರ ಇರುತ್ತದೆ. ತಪ್ಪಲ್ಲ, ಅವರ ಬೆಳೆ ಅದೇ. ಆದರೆ ಅರ್ಜಿಗೆ ಮೊದಲೇ ಪ್ರಕಟವಾದರೆ ಪೇಟೆಂಟ್ ಕೈತಪ್ಪಬಹುದು. ಆದ್ದರಿಂದ ಮೊದಲು ತಾತ್ಕಾಲಿಕ ಅರ್ಜಿ ಹಾಕಿಬಿಡಿ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ. ಪೂರ್ತಿ ವಿವರ ಕೊಡಲು 12 ತಿಂಗಳು ಇರುತ್ತದೆ.

ಇನ್ನು ಭೇಟಿ. ಹದಿನೈದು ದಿನಕ್ಕೊಮ್ಮೆ ಸಾಕು, ಪ್ರತಿ ಕಡೆಯಿಂದ ಒಬ್ಬರು. ಪೀಣ್ಯದಿಂದ ಹಸಿರು ಮೆಟ್ರೊ ಹತ್ತಿ, ಆರ್‌ವಿ ರೋಡ್‌ನಲ್ಲಿ ಹಳದಿಗೆ ಬದಲಿಸಿದರೆ ಎಲೆಕ್ಟ್ರಾನಿಕ್ ಸಿಟಿ. ಸಿಲ್ಕ್ ಬೋರ್ಡ್ ಜಾಮ್ ನೆಪ ಈಗ ನಡೆಯುವುದಿಲ್ಲ! ಸ್ಲೈಡ್ ಬೇಡ, ಸ್ಯಾಂಪಲ್ ಪೀಸ್ ಮೇಜಿನ ಮೇಲಿರಲಿ.

ಒಪ್ಪಂದದ ಕೊನೆ ಪುಟದಲ್ಲಿ ಇದನ್ನೂ ಸೇರಿಸಿ: ಇಂಥ ದಿನದೊಳಗೆ ಪಂಪ್ ಬಾವಿಗೆ ಇಳಿಯದಿದ್ದರೆ ಡ್ರಾಯಿಂಗ್ ಯಾರಿಗೆ, ಕೋಡ್ ಯಾರಿಗೆ, ಅರ್ಧ ಮುಗಿದ ಪಂಪ್ ಯಾರಿಗೆ.